ಸಹಾಯ ಬೇಕು: ಸ್ಲೊವಾಕಿಯಾದ ವ್ಲ್ಕೊಲಿನೆಟ್ಸ್ ಹಳ್ಳಿಯ ಜನಸಂಖ್ಯೆ ಮತ್ತು ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಸ್ಲೊವಾಕಿಯಾದ ಲಿಪ್ಟೊವ್ ಪ್ರಾಂತ್ಯದ ವ್ಲ್ಕೊಲಿನೆಟ್ಸ್ ಎಂಬ ಪುಟ್ಟ ಹಳ್ಳಿಯ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. 1,099 ಮೀಟರ್ ಎತ್ತರದ ಸಿದೊರೊವೊ ಬೆಟ್ಟದ ಕೆಳಗೆ, ಸುಮಾರು 718 ಮೀಟರ್ ಎತ್ತರದಲ್ಲಿರುವ ಈ ಊರಿನ ಹೆಸರು 1376ರ ದಾಖಲೆಯಲ್ಲೇ ಕಾಣಿಸಿಕೊಳ್ಳುತ್ತದೆ. ಸ್ಲೊವಾಕ್ ಭಾಷೆಯಲ್ಲಿ 'ವ್ಲ್ಕ್' ಎಂದರೆ ತೋಳ. ಊರಿನ ಹೆಸರೂ ಅದರಿಂದಲೇ ಬಂದಿದೆ ಎನ್ನುತ್ತಾರೆ. ಇಳಿಜಾರಿನ ಬೀದಿಯ ಇಕ್ಕೆಲಗಳಲ್ಲಿ ಮರದ ದಿಮ್ಮಿಗಳ ಮನೆಗಳು, 1770ರ ಮರದ ಗಂಟೆಗೋಪುರ, 1875ರ ಚರ್ಚು ಇವೆ. 1944ರ ಸ್ಲೊವಾಕ್ ದಂಗೆಯ ಕಾಲದಲ್ಲಿ ಕೆಲವು ಮನೆಗಳು ಸುಟ್ಟುಹೋದರೂ ಊರಿನ ಹಳೆಯ ವಿನ್ಯಾಸ ಉಳಿದುಕೊಂಡಿತು. 1993ರಲ್ಲಿ, ಅಂದರೆ ಸ್ಲೊವಾಕಿಯಾ ಸ್ವತಂತ್ರ ದೇಶವಾದ ವರ್ಷದಲ್ಲೇ, ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನನಗೆ ತೊಡಕಾಗಿರುವುದು ಜನಸಂಖ್ಯೆಯ ಭಾಗ. ಆಡಳಿತದ ದೃಷ್ಟಿಯಿಂದ ಇದು ಪ್ರತ್ಯೇಕ ಗ್ರಾಮವಲ್ಲ, ರುಜೊಂಬೆರೊಕ್ ನಗರದ ಒಂದು ಭಾಗ. ಹೀಗಾಗಿ ನಗರದ ಒಟ್ಟು ಸಂಖ್ಯೆ ಸುಲಭವಾಗಿ ಸಿಗುತ್ತದೆಯೇ ಹೊರತು ಹಳ್ಳಿಯದಲ್ಲ. ಇಲ್ಲಿ ಕಾಯಂ ಆಗಿ ನೆಲೆಸಿರುವವರು ಬೆರಳೆಣಿಕೆಯ ಕುಟುಂಬಗಳಷ್ಟೇ ಆಗಿದ್ದು, ಹಲವು ಮನೆಗಳು ಬಿಡುವಿನ ದಿನಗಳಲ್ಲಿ ಮಾತ್ರ ತೆರೆಯುವುದರಿಂದ, ಮನೆಗಳ ಲೆಕ್ಕದಿಂದ ಜನರನ್ನು ಅಂದಾಜು ಮಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಲೊವಾಕ್ ಅಥವಾ ಚೆಕ್ ಭಾಷೆ ಬಲ್ಲವರು ಜನಗಣತಿಯ ಬಡಾವಣೆವಾರು ಪಟ್ಟಿಯನ್ನು ಹುಡುಕಿ ಓದಲು ನೆರವಾಗಬಹುದೇ?

ಜೊತೆಗೆ, ದಿಮ್ಮಿಗಳ ತುದಿಗೆ ಕಚ್ಚು ಹಾಕಿ ಮೂಲೆಯಲ್ಲಿ ಒಂದರ ಮೇಲೊಂದು ಕೂರಿಸುವ ಕಟ್ಟುವಿಕೆಗೆ ಮಲೆನಾಡಿನ ಬಡಗಿಗಳು ಬಳಸುವ ಪದವಿದ್ದರೆ ದಯವಿಟ್ಟು ತಿಳಿಸಿ.