ಪೊಲೀಸ್ ನಾಯಿಗೆ ಖಾಯಂ ಹ್ಯಾಂಡ್ಲರ್ ಯಾಕೆ ಬೇಕು?

ಪ್ರಶ್ನೆ:
ಶ್ವಾನದಳದಲ್ಲಿ ಒಂದು ನಾಯಿಗೆ ಸಾಮಾನ್ಯವಾಗಿ ಅದರದೇ ಹ್ಯಾಂಡ್ಲರ್ ಇರ್ತಾರಂತೆ. ವಾಸನೆ ಹಿಡಿಯೋದು ನಾಯಿ ತಾನೇ? ತರಬೇತಿ ಆದವರು ಯಾರು ಹಗ್ಗ ಹಿಡಿದರೂ ಸಾಲದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮಾಜಿ ಹ್ಯಾಂಡ್ಲರ್:
ಸಾಲದು ಸರ್. ವಾಸನೆ ಸಿಕ್ಕಿದ್ದನ್ನು ನಾಯಿ ಮೈಯಲ್ಲಿ ಹೇಳುತ್ತೆ, ಅದೂ ಒಂದೊಂದು ನಾಯಿ ಒಂದೊಂದು ಥರ. ನಾನಿದ್ದದ್ದು ಸ್ಫೋಟಕ ಪತ್ತೆ ಕೆಲಸದಲ್ಲಿ. ನನ್ನ ಲ್ಯಾಬ್ರಡಾರ್ ಸಾಲು ಬ್ಯಾಗುಗಳನ್ನು ಮೂಸ್ತಾ ಹೋಗುವಾಗ ಬಾಯಿ ತೆರೆದು ಏದುಸಿರು ಬಿಡ್ತಿದ್ದಳು. ವಾಸನೆ ತಾಕಿತು ಅಂದರೆ ಮೊದಲು ಬಾಯಿ ಮುಚ್ಚೋದು. ಮೂಗಿನ ಸದ್ದು ಚಿಕ್ಕದಾಗಿ, ಬಿರುಸಾಗಿ ಕೇಳೋದು. ದಾಟಿಹೋದ ಬ್ಯಾಗಿನ ಕಡೆ ಕತ್ತು ತಿರುಗಿಸಿ ವಾಪಸ್ ಬಂದು, ಕೂತು, ನನ್ನ ಮುಖ ನೋಡ್ತಿದ್ದಳು. ಸ್ಫೋಟಕದ ನಾಯಿ ಕೆರೆಯೋ ಹಾಗಿಲ್ಲ. ಕೂರೋದು ಯಾರ ಕಣ್ಣಿಗಾದರೂ ಬೀಳುತ್ತೆ. ಅದಕ್ಕೆ ಮುಂಚೆ ಬಾಯಿ ಮುಚ್ಚಿದ್ದನ್ನು ಹೊಸಬರು ಗಮನಿಸೋದು ಕಷ್ಟ. ಆ ಹೊತ್ತಲ್ಲೇ ಹಗ್ಗ ಜಗ್ಗಿ ಮುಂದಕ್ಕೆ ಕರೆದರೆ ಮುಗೀತು.

ಹ್ಯಾಂಡ್ಲರ್ ಬದಲಾಗೋದೂ ಉಂಟು. ಆಗ ನಾಯಿ, ಹೊಸ ಹ್ಯಾಂಡ್ಲರ್ ಇಬ್ಬರೂ ಒಟ್ಟಿಗೆ ಮತ್ತೆ ಅಭ್ಯಾಸ ಮಾಡಬೇಕು.

ಇನ್ನೊಬ್ಬ ಸದಸ್ಯರು:
ಮುಖ ನೋಡುತ್ತೆ ಅಂದ್ರಲ್ಲ, ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಟ್ಟರೆ?

ಮಾಜಿ ಹ್ಯಾಂಡ್ಲರ್:
ಒಳ್ಳೆ ಪ್ರಶ್ನೆ, ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರೋದು ಇದಕ್ಕೇ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಾಯಿ-ಹ್ಯಾಂಡ್ಲರ್‌ಗಳ 18 ಜೋಡಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದ್ದಾರೆ. ಜಾಗದಲ್ಲಿ ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಇರಲೇ ಇಲ್ಲ. ಇರಬಹುದು ಅಂತ ಹ್ಯಾಂಡ್ಲರ್‌ಗಳನ್ನು ನಂಬಿಸಿ, ಅದು ಇರೋ ಜಾಗದ ಗುರುತು ಅಂತ ಅಲ್ಲಲ್ಲಿ ಕೆಂಪು ಕಾಗದ ಅಂಟಿಸಿದ್ದರು. ಆದರೂ 200ಕ್ಕೂ ಹೆಚ್ಚು ಸಲ ನಾಯಿ ತೋರಿಸಿತು ಅಂತ ಹ್ಯಾಂಡ್ಲರ್‌ಗಳು ಹೇಳಿದರು! ಅನುಮಾನ ಬಂದ ಕಡೆ ನಮ್ಮ ಹೆಜ್ಜೆ ನಿಧಾನ ಆದರೂ ಸಾಕು, ನಾಯಿಗೆ ಗೊತ್ತಾಗುತ್ತೆ. ಹಾಗಾಗಿ ಅಭ್ಯಾಸಕ್ಕೆ ಬಚ್ಚಿಟ್ಟ ವಾಸನೆಯ ಸ್ಯಾಂಪಲ್ ಎಲ್ಲಿದೆ ಅನ್ನೋದು ಹ್ಯಾಂಡ್ಲರ್‌ಗೂ ಗೊತ್ತಿಲ್ಲದೆ ಅಭ್ಯಾಸ ನಡೆಸಲೇಬೇಕು ಅಂತ ನಾನು ಹಟ ಹಿಡಿದು ಹೇಳ್ತೀನಿ. ಕೆಲವು ಅಭ್ಯಾಸದಲ್ಲಿ ಏನೂ ಇಡಲೇಬಾರದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಗಂಟೆಗಟ್ಟಲೆ ಹುಡುಕಿಯೂ ಏನೂ ಸಿಗದಿದ್ದರೆ ನಾಯಿಗೆ ಬೇಜಾರಾಗಲ್ವಾ?

ಮಾಜಿ ಹ್ಯಾಂಡ್ಲರ್:
ಆಗುತ್ತೆ. ನಾಯಿಗೆ ಬೇಕಾಗಿರೋದು ಬಹುಮಾನವಾಗಿ ಕೊಡೋ ಚೆಂಡು, ವಾಸನೆ ಸಿಕ್ಕರೆ ತಾನೇ ಚೆಂಡು! ನಡುನಡುವೆ ವಿಶ್ರಾಂತಿ, ನೀರು ಕೊಡ್ತೀವಿ. ಅಸಲಿ ಹುಡುಕಾಟ ಮುಗಿದ ಮೇಲೆ ಸಹೋದ್ಯೋಗಿ ಪಕ್ಕದ ಬೇರೆ ಜಾಗದಲ್ಲಿ ಒಂದು ಸ್ಯಾಂಪಲ್ ಬಚ್ಚಿಡ್ತಾರೆ. ಅವಳು ಅದನ್ನು ಹುಡುಕಿ ಕೂತ ತಕ್ಷಣ ಚೆಂಡು ಎಸೆದು, ಮನಸಾರೆ ಆಡಿಸಿಯೇ ಗಾಡಿ ಹತ್ತಿಸ್ತಿದ್ದೆ.