ಸ್ಯಾನ್ ಸ್ಟಾರ್ಮ್ ಬಂಪರ್ ಕೊಯ್ದು ಇಂಜಿನ್‌ಗೆ ತಂಪ್ ಗಾಳಿ ತರ್ಬೇಕಂತೀನಿ, ಕಲಬುರಗಿ ಬಿಸಲಾಗ ಫರಕ್ ಬೀಳ್ತದೇನ್ರಿ?

ಕೆಂಪು_ಸ್ಟಾರ್ಮ್

ಶರಣ್ರಿ ಎಲ್ಲರಿಗೂ. ನನ್ ಹತ್ರ ಒಂದ್ ಹಳಿ ಸ್ಯಾನ್ ಸ್ಟಾರ್ಮ್ ಕಾರ್ ಅದ, ಎರಡೇ ಸೀಟಿಂದು, ಫೈಬರ್ ಬಾಡಿ, ರೆನೋದ 1149 ಸಿಸಿ ಇಂಜಿನ್. ರೋಡಿನಾಗ ನೋಡಿದ ಹುಡುಗ್ರು ಫೆರಾರಿ ಅಂತ ಬೆನ್ ಹತ್ತತಾರ, ಪೇಪರ್ ಮ್ಯಾಲ ಇರೋದು 60 ಬಿಎಚ್‌ಪಿ, ಅದ್ರಾಗ ಎಷ್ಟ್ ಕುದುರಿ ಇನ್ನಾ ಜೀವಂತ ಅವ ಆ ಶರಣಬಸಪ್ಪಗೇ ಗೊತ್ತು. ಹೈದರಾಬಾದ್ ಕಡಿಂದ ತಂದು ಎರಡ್ ವರ್ಷ ಆತು. ಹಿಂದಿನ ಮಾಲಕ ಕಂಪನಿ ಏರ್ ಫಿಲ್ಟರ್ ಡಬ್ಬಿ ತಗದ್ ಒಗದು ಖುಲ್ಲಾ ಕೋನ್ ಫಿಲ್ಟರ್ ಹಾಕ್ಸ್ಯಾನ, ಸೌಂಡ್ ಮಸ್ತ್ ಬರ್ತದ ಖರೆ, ಆದ್ರ ಅದು ರೇಡಿಯೇಟರ್ ಫ್ಯಾನಿನ ಹಿಂದೇ ಕುಂತದ, ಫ್ಯಾನ್ ಒಗದ ಝಳ ಎಲ್ಲಾ ಅದೇ ಕುಡೀತದ.

ಮುಂಜಾನಿ ಆರಕ್ಕ ಹೊಡದ್ರ ಗಾಡಿ ಹುಡುಗ ಆಗಿರ್ತದ, ಮಧ್ಯಾಹ್ನ ಎರಡಕ್ಕ ಜಗತ್ ಸರ್ಕಲ್ ದಾಟೂದ್ರಾಗ ಮುದುಕ. ಕಮಲಾಪುರ ದಾಟಿ ಹುಮನಾಬಾದ್ ಕಡಿ ಏರಿನಾಗ ನಾಕನೇ ಗೇರಿಗೆ ಒತ್ತಿದ್ರ ಇಂಜಿನ್‌ದಾಗ ಟಣಟಣ ಅಂತ ಡಬ್ಬಿದಾಗ ಗೋಲಿ ಹಾಕಿ ಅಳ್ಳಾಡಿಸಿದಂಗ ಸಪ್ಪಳ ಬೇರೆ.

ಸುಮ್ಕ ಅಂದಾಜಿನ ಮಾತ್ ಬ್ಯಾಡ ಅಂತ ಫ್ರಿಜ್ಜಿಗೆ ಹಾಕ್ತಾರಲ್ಲ, ವೈರಿನ ತುದಿಗೆ ಸೆನ್ಸರ್ ಇರೋ ಸಣ್ಣ ಥರ್ಮಾಮೀಟರ್, ಅದ್ರ ತುದಿ ಫಿಲ್ಟರ್ ಬಾಯಿಗೆ ಕಟ್ಟಿ ಡಿಸ್‌ಪ್ಲೇ ಡ್ಯಾಶ್‌ಬೋರ್ಡ್ ಮ್ಯಾಲ ಅಂಟಿಸ್ದೆ. ಹೊರಗ 42 ಇದ್ದಾಗ 80ರ ಸ್ಪೀಡಿನಾಗ 57 ತೋರಿಸ್ತು, ಸಿಗ್ನಲ್‌ದಾಗ ನಾಕ್ ನಿಮಿಷ ನಿಂತ್ರ 68!

ನನ್ ಪ್ಲಾನ್ ಏನಂದ್ರ ಮುಂದಿನ ಬಂಪರ್ ಎಡಕ್ಕ 8 ಇಂಚ್ ಅಗಲ 3 ಇಂಚ್ ಎತ್ತರ ಕೊಯ್ದು ಜಾಳಿ ಹಚ್ಚಿ ಅಲ್ಲಿಂದ ಪೈಪ್ ಎಳ್ಯಾದು. ಸೇಡಂ ರೋಡಿನ ಫೈಬರ್ ಕೆಲಸದವ 6 ಸಾವಿರ ಕೇಳ್ಯಾನ. ಬಂಪರ್ ಕೊಯ್ಲೋ ಇಲ್ಲಾ ಬಾನೆಟ್ ಮ್ಯಾಲ ಗಾಳಿ ಹಿಡಿಯೂ ಸ್ಕೂಪ್ ಹಾಕ್ಸ್ಲೋ? ಮತ್ತ ಆರ್‌ಟಿಓದಾಗ ಏನರ ಕಿರಿಕಿರಿ ಆಗ್ತದೇನು?

ನೈಟ್_ಹಾಲ್ಟ್

ಸ್ಕೂಪ್ ಹಾಕ್ಸ್ ಅಣ್ಣಾ, ಯೋಚ್ನಿನೇ ಮಾಡ್ಬ್ಯಾಡ. 100ರ ಸ್ಪೀಡಿಗೆ ಗಾಳಿ ತಾನೇ ಒತ್ತಿ ಒಳಗ ಹೋಗ್ತದ, ಪುಕ್ಕಟ್ಟಿ ಟರ್ಬೊ. ನಾ ನನ್ ಗಾಡಿಗೆ ಹಾಕ್ಸೀನಿ, ಪಿಕಪ್ ಬ್ಯಾರೇನೇ ಆಗ್ಯಾದ. ನೋಡ್ಲಾಕೂ ಚೆಂದ.

ಲೆಕ್ಕದ_ಮಾಸ್ತರ

ಪುಕ್ಕಟ್ಟಿ ಟರ್ಬೊ ಅನ್ನೋ ಮಾತ್ ಓದಿ ಸುಮ್ ಕೂಡ್ಲಾಕ ಆಗ್ಲಿಲ್ಲ, ಮಾಫ್ ಮಾಡ್ರಿ, ಹುಡುಗ್ರಿಗೆ ಥರ್ಮಲ್ ಪಾಠ ಹೇಳಿ ಹೇಳಿ ಚಟ ಆಗ್ಯಾದ.

100 ಕಿಮೀ ಅಂದ್ರ ಸೆಕೆಂಡಿಗೆ 27.8 ಮೀಟರ್. ಆ ಸ್ಪೀಡಿಗೆ ಗಾಳಿ ಪೂರಾ ನಿಂತು ಒತ್ತಿದ್ರೂ ಸಿಗೂ ಒತ್ತಡ ಸುಮಾರು 410 ಪಾಸ್ಕಲ್. ನಮ್ ಕಲಬುರಗಿ ಹವಾ ಒತ್ತಡ ಸುಮಾರು 96,000 ಪಾಸ್ಕಲ್. ಅಂದ್ರ ಅರ್ಧ ಪರ್ಸೆಂಟೂ ಇಲ್ಲ. 60 ಬಿಎಚ್‌ಪಿ ಗಾಡಿಗೆ ಕಾಲ್ ಕುದುರಿ ಬಂದಂಗಾತು, ಅದೂ 100ರ ಸ್ಪೀಡಿಗೆ, ಜಗತ್ ಸರ್ಕಲ್‌ದಾಗ ಸೊನ್ನಿ. ಹಂಗ ನೋಡಿದ್ರ ನಾವು ಸಮುದ್ರಕ್ಕಿಂತ 450 ಮೀಟರ್ ಮ್ಯಾಲೆ ಇದ್ದದ್ದಕ್ಕೇ 5 ಪರ್ಸೆಂಟ್ ಒತ್ತಡ ಕಮ್ಮಿ, ಮೂರ್ ಕುದುರಿ ಅಲ್ಲೇ ಹೋಗ್ಯಾವ, ಅದಕ್ಕ ಯಾರೂ ಅಳಂಗಿಲ್ಲ. ಸ್ಕೂಪ್ ಎಲ್ಲಿ ಇಡ್ತೀರಿ ಅನ್ನೋದೂ ಅದ. ಗಾಡಿ ಮೂಗಿನ ಮುಂದ ಒತ್ತಡ ಜಾಸ್ತಿ, ಮುಂದಿನ ಗಾಜಿನ ಬುಡಕ್ಕ ಜಾಸ್ತಿ, ಆದ್ರ ಬಾನೆಟ್ಟಿನ ಮುಂದಿನ ಅಂಚ್ ದಾಟಿದ ಕೂಡ್ಲೆ ಗಾಳಿ ಜೋರ್ ಓಡ್ತದ, ಅಲ್ಲಿ ಒತ್ತಡ ಕಮ್ಮಿ. ಅಲ್ಲಿ ತಗ್ಗ ಸ್ಕೂಪ್ ಇಟ್ರ ಗಾಳಿ ಒಳಗ ಬರೂ ಬದ್ಲಿ ಹೊರಗೇ ಹೋಗಬಹುದು.

ಈಗ ಟೆಂಪರೇಚರ್ ಮಾತು, ಖರೆ ವಿಷಯ ಇರೋದೇ ಇಲ್ಲಿ. ಕೆಲ್ವಿನ್‌ದಾಗ ಹಿಡೀರಿ, ಅಂದ್ರ ಡಿಗ್ರಿಗೆ 273 ಕೂಡಿಸ್ರಿ. 57 ಡಿಗ್ರಿ ಅಂದ್ರ 330, ಹೊರಗಿನ 42 ಅಂದ್ರ 315. ಹೊರಗಿನ ಗಾಳಿ ಪೂರಾ ಸಿಕ್ರ ಸುಮಾರು 4.8 ಪರ್ಸೆಂಟ್ ದಟ್ಟ ಗಾಳಿ. ಹಂಗಂದ್ರ 60ಕ್ಕ ಹತ್ರಹತ್ರ 3 ಕುದುರಿ ಅಂತ ಎಲ್ಲರೂ ಗುಣಿಸ್ತಾರ, ಅದು ತಪ್ಪು. ತಂಪ್ ಗಾಳಿ ಮ್ಯಾನಿಫೋಲ್ಡ್ ಒಳಗ ಹೋದ ಮ್ಯಾಲ ಬಿಸಿ ಗೋಡಿಯಿಂದ ಇನ್ನಷ್ಟ್ ಬಿಸಿ ಎಳಕೊಳ್ತದ, ಮೊದ್ಲೇ ಬಿಸಿ ಇದ್ದ ಗಾಳಿ ಅಷ್ಟ್ ಎಳಕೊಳಂಗಿಲ್ಲ, ಸಿಲಿಂಡರಿಗೆ ಮುಟ್ಟೂದ್ರಾಗ ಫರಕ್ ಸಣ್ದಾಗ್ತದ. ಅದಕ್ಕೇ ಇಂಜಿನ್ ತಾಕತ್ತು ಅಳಿಯೂ ಡೈನೊ ಟೆಸ್ಟಿನ ಎಸ್‌ಎಇ ಜೆ1349 ಅನ್ನೋ ಸೂತ್ರದ ಲೆಕ್ಕದಾಗ ಟೆಂಪರೇಚರಿಗೆ ವರ್ಗಮೂಲ ಹಾಕ್ತಾರ, ಅಂದ್ರ ಲಾಭ ಸುಮಾರು ಅರ್ಧ. ನಿಮಗ ಓಡೂ ಗಾಡಿದಾಗ ಸಿಗೋದು ಹೆಚ್ಚಂದ್ರ ಒಂದೂವರಿ ಕುದುರಿ. ಸಿಗ್ನಲ್‌ದಾಗ 68ಕ್ಕ ಬೆಂದು ಹೊಂಡೂ ಮುಂದ ಎರಡೂವರಿ ಅನ್ರಿ.

ಆದ್ರ ಆ ಟಣಟಣ ಸಪ್ಪಳ ಇಂಜಿನ್ ನಾಕಿಂಗ್ (knocking) ಇರಬೇಕು. ಗಾಳಿ ಬಿಸಿ ಇದ್ರ ಪೆಟ್ರೋಲ್ ಸ್ಪಾರ್ಕಿನ ಉರಿ ಬರೂ ತನಕ ಕಾಯಂಗಿಲ್ಲ, ಮೂಲ್ಯಾಗ ತಾನೇ ಸಿಡೀತದ. ಪಿಸ್ಟನ್ ತಿನ್ನೋ ಕಾಯ್ಲಿ ಅದು. ತಂಪ್ ಗಾಳಿ ನಿಮಗ ಬೇಕಾಗಿದ್ದು ಕುದುರಿ ಸಲುವಾಗಿ ಅಲ್ಲ, ಇದ್ರ ಸಲುವಾಗಿ.

ಇನ್ನ ತೂತಿನ ಅಳತಿ. 1149 ಸಿಸಿ ಇಂಜಿನ್ 6000 ಆರ್‌ಪಿಎಮ್‌ದಾಗ ಎಷ್ಟ್ ಕುಡದ್ರೂ ನಿಮಿಷಕ್ಕ 2900 ಲೀಟರಿನ ಆಚೀಚಿ. 63 ಎಂಎಂ ಪೈಪಿನಾಗ ಅದು ಸೆಕೆಂಡಿಗೆ 16 ಮೀಟರಿನಂಗ ಆರಾಮ ಹೋಗ್ತದ. ನಿಮ್ 8 ಇಂಚ್ 3 ಇಂಚಿನ ತೂತು ಅದ್ರ ಐದ್ ಪಟ್ ಅದ. ಉಳದ ನಾಕ್ ಪಾಲು ಖಾಲಿ ಶೋಕಿಗೆ.

ಗ್ಯಾರೇಜ್_ಕಾಕಾ_ಬೀದರ

ಮಾಸ್ತರ ಹೇಳಿದ್ದು ಬರೋಬ್ಬರಿ, ನನಗ ಕೆಲ್ವಿನ್ ಗಿಲ್ವಿನ್ ಗೊತ್ತಿಲ್ಲ ಆದ್ರ ಮೂವತ್ ವರ್ಷ ಕೈ ಕರಿ ಮಾಡ್ಕೊಂಡೀನಿ. ತಮ್ಮಾ, ನೀ ಬಂಪರ್ ಕೊಯ್ಯಾದು ಆಮ್ಯಾಲಿನ ಮಾತು. ಮೊದ್ಲು ಫಿಲ್ಟರಿಗೆ ಮನಿ ಕಟ್ಟು. ಬಂಪರಿನಿಂದ ಎಷ್ಟ್ ದೊಡ್ ಪೈಪ್ ತಂದ್ರೂ ಫಿಲ್ಟರ್ ಖುಲ್ಲಾ ಇದ್ರ ಅದು ಹತ್ರ ಇರೂ ಬಿಸಿ ಗಾಳಿನೇ ಕುಡೀತದ, ಎಮ್ಮಿಗೆ ಮುಂದ ನೀರ್ ಇಟ್ರೂ ಕಾಲ್ ಕೆಳಗಿನ ರಾಡಿ ಕುಡದಂಗ. ಅಲ್ಯುಮಿನಿಯಂ ಪತ್ರಾ ಬಗ್ಗಿಸಿ ನಾಕೂ ಕಡಿ ಡಬ್ಬಿ ಮಾಡು, ಮ್ಯಾಲಿನ ಅಂಚಿಗೆ ಕಾರಿನ ಬಾಗ್ಲಿಗೆ ಹಚ್ಚೋ ರಬ್ಬರ್ ಬೀಡಿಂಗ್ ಹಚ್ಚು, ಬಾನೆಟ್ ಮುಚ್ಚಿದ್ರ ಅದಕ್ಕ ಒತ್ತಿ ಕೂಡ್ಬೇಕು. ಖರ್ಚ್ ಏನ್ ಆಗ್ತದ, ಪತ್ರಾ ರಬ್ಬರ್ ಎಲ್ಲಾ ಸೇರಿ ಸಾವ್ರದ ಒಳಗ.

ಆಮ್ಯಾಲ ರೇಡಿಯೇಟರ್ ನೋಡು. ರೇಡಿಯೇಟರಿಗೂ ಬಾಡಿಗೂ ನಡುವ ಸಂದಿ ಇರ್ತಾವ, ಗಾಡಿ ನಿಂತಾಗ ಫ್ಯಾನ್ ಹಿಂದ ಒಗದ ಬಿಸಿ ಗಾಳಿ ಆ ಸಂದ್ಯಾಗ ಹಾಯ್ದು ಮುಂದ ಬಂದು ಮತ್ತ ರೇಡಿಯೇಟರಿಗೇ ಹೋಗ್ತದ. ಸುತ್ಲೂ ಫೋಮ್ ತುಂಬಿ ಬಂದ್ ಮಾಡಿದ್ರ ಅರ್ಧ ಬ್ಯಾನಿ ಅಲ್ಲೇ ಹೋಗ್ತದ. ನಿನ್ 68 ಡಿಗ್ರಿಗೆ ಅದೂ ಒಂದ್ ಕಾರಣ ಇರಬೇಕು. ಪೈಪಿನ ಬಾಯಿ ರೇಡಿಯೇಟರಿನ ಮುಂದ ಅಡ್ಡ ಇಡಬ್ಯಾಡ, ಪಕ್ಕಕ್ಕ ಇಡು.

ಪೈಪಿಗೆ ಹೊಲದ ಪಿವಿಸಿ ತರಬ್ಯಾಡ, ಎಲ್ಲರೂ ಅದನ್ನೇ ತರ್ತಾರ. 80 ಡಿಗ್ರಿ ಹತ್ರ ಹೋದ್ರ ಮೆತ್ತಗಾಗಿ ಜೋಲಿ ಬೀಳ್ತದ. ರಬ್ಬರ್ ಇಲ್ಲಾ ಸಿಲಿಕಾನ್ ಹೋಸ್ ತೊಗೊ.

ಕೊಯ್ಯೂಕಿಂತ ಮುಂಚೆ ರಟ್ಟಿಂದ ಮಾಡಿ ನೋಡು. ಖರೇನೇ ಹೇಳ್ತೀನಿ, ಟಿವಿ ಬಂದ ರಟ್ಟಿನ ಡಬ್ಬಿ, ಬೆಳ್ಳಿ ಟೇಪು, ಒಂದ್ ತುಂಡ್ ಹೋಸ್. ನಿನ್ ಆ ಫ್ರಿಜ್ಜಿನ ಥರ್ಮಾಮೀಟರ್ ಹಾಕಿ ಎರಡ್ ದಿನ ಓಡಿಸು. ಇಂಜಿನ್ ಬಿಸಿ ತಾಗೂ ಕಡಿ ರಟ್ಟ್ ಇಡಬ್ಯಾಡ ಮತ್ತ, ಎಕ್ಸಾಸ್ಟಿಗೆ ಗೇಣ್ ದೂರ ಇರಲಿ.

ಕೆಂಪು_ಸ್ಟಾರ್ಮ್

ಕಾಕಾ, ಮಾಸ್ತರ, ಇಬ್ಬರಿಗೂ ಶರಣ್ರಿ. ಒಂದ್ ಹೇಳೂದ್ ಮರತಿದ್ದೆ, ಬಂಪರದಾಗ ಹಿಂದಿನ ಮಾಲಕ ಹಚ್ಚಿದ್ದ ಫಾಗ್ ಲೈಟ್ ಒಂದ್ ಒಡದು ಹೋಗ್ಯಾದ, ಆ ತೂತು ಖಾಲಿನೇ ಅದ, ಬಲಕ್ಕ. ಅಲ್ಲಿಂದಾನೇ ಎಳದ್ರ ನಡೀತದೇನು, ನೆಲದಿಂದ ಒಂದೂಕಾಲ್ ಅಡಿ ಎತ್ತರ ಆಗಬಹುದು.

ಭೀಮಾ_ದಂಡಿ_ಯಾದಗಿರಿ

ನಡೀತದ, ಆದ್ರ ನನ್ ಕಥಿ ಓದಿ ಆಮ್ಯಾಲ ಎಳೀರಿ. ಹಳಿ ಹ್ಯಾಚ್‌ಬ್ಯಾಕಿಗೆ ನಾನೂ ಹಿಂಗೇ ಬಂಪರ್ ಕೆಳಗಿಂದ ತಂಪ್ ಗಾಳಿ ಪೈಪ್ ಎಳಸಿದ್ದೆ, ಫಿಲ್ಟರೇ ಕೆಳಗಿತ್ತು, ಬ್ಯಾಸಗ್ಯಾಗ ರಾಜಾ ಇದ್ದಂಗ ಇತ್ತು ಗಾಡಿ. ಸೆಪ್ಟೆಂಬರ್ ಮಳ್ಯಾಗ ರೈಲ್ವೆ ಅಂಡರ್‌ಪಾಸಿನಾಗ ನೀರ್ ನಿಂತಿತ್ತು, ಮುಂದಿನ ಆಟೋ ದಾಟ್ತಲ್ಲ ಅಂತ ನಾನೂ ಬಿಟ್ಟೆ, ನಡುವ ಹೋಗಿ ಟಕ್ ಅಂತ ನಿಂತು ಬಿಡ್ತು. ಅಲ್ಲಿಗೆ ಸುಮ್ ಇದ್ರ ಚಲೋ ಇತ್ತು, ನಾ ಶಾಣ್ಯಾ ಮತ್ತ ಸೆಲ್ಫ್ ಹೊಡದೆ. ನೀರ್ ಗಾಳಿ ಹಂಗ ಒತ್ತಿದ್ರ ಸಣ್ದಾಗಂಗಿಲ್ಲಲ್ಲ, ಪಿಸ್ಟನ್ ಮ್ಯಾಲ ಬರ್ಲಾಕ ಹೋಗಿ ಕನೆಕ್ಟಿಂಗ್ ರಾಡೇ ಬಾಗಿ ಹೋತು. ಇಂಜಿನ್ ಬಿಚ್ಚಿದ ಬಿಲ್ಲು ಇಲ್ಲಿ ಬರಿಯಂಗಿಲ್ಲ, ನಮ್ ಮನ್ಯಾಗಿನಕಿ ಈ ಫೋರಂ ಓದ್ತಾಳ.

ತೂತು ಕೆಳಗಿದ್ರೂ ಚಿಂತಿಲ್ಲ, ಪೈಪ್ ಮ್ಯಾಲ ಏರಿ ಹೋಗ್ಬೇಕು, ಫಿಲ್ಟರ್ ಈಗ ಇದ್ದ ಎತ್ತರದಾಗೇ ಇರಲಿ, ಡಬ್ಬಿ ತಳಕ್ಕ ಬೆರಳ್ ಗಾತ್ರದ ತೂತು ನೀರ್ ಸೋರ್ಲಾಕ. ಮಳಿಗಾಲಕ್ಕ ಮುಚ್ಚಳ ಹಾಕೂ ಹಂಗ ಮಾಡ್ಕೋರಿ. ಫೈಬರ್ ಬಂಪರ್ ಹರಿಯಂಗಿಲ್ಲ ಅಂತ ಹ್ಯಾಕ್ಸಾ ಬ್ಲೇಡ್ ಎಳೀಲಾಕ ಹೋಗಬ್ಯಾಡ್ರಿ, ಕೊಯ್ಯೂ ಗೆರಿ ಮ್ಯಾಲ ಟೇಪ್ ಹಚ್ಚದಿದ್ರ ಮ್ಯಾಲಿನ ಪದರ ನಕ್ಷತ್ರ ಬಿಟ್ಟಂಗ ಬಿರಿತದ. ಮುಖಕ್ಕ ಮಾಸ್ಕ್ ಬೇಕೇ ಬೇಕು.

ತೊಗರಿ_ಖಣಿ

ಧೂಳಿನ ಮಾತ್ ಯಾರೂ ಎತ್ತಲಿಲ್ಲಲ್ರೋ? ಡಿಸೆಂಬರ್ ಜನವರಿದಾಗ ನಮ್ ಕಡಿ ರೋಡ್ ತುಂಬ ತೊಗರಿ ಕಟಗಿ ಹಾಸಿರ್ತಾರ, ಗಾಡಿಗೋಳು ತುಳದು ರಾಶಿ ಮಾಡ್ಲಿ ಅಂತ. ಒಂದೂಕಾಲ್ ಅಡಿ ಎತ್ತರದ ಬಾಯಿ ಅದ್ರ ಮ್ಯಾಲಿಂದ ಹೋದ್ರ ಹೊಟ್ಟೆಲ್ಲಾ ಫಿಲ್ಟರಿಗೆ. ವಾಡಿ, ಶಹಾಬಾದ್ ಕಡಿ ಹೋದ್ರ ಸಿಮೆಂಟ್ ಧೂಳು, ಫರ್ಸಿ ಧೂಳು. ಬಾಯಿಗೆ ಸೊಳ್ಳಿ ಜಾಳಿ ಅಲ್ಲ, ಕಾಳ್ ಸೋಸೂ ಜರಡಿ ಗಾತ್ರದ ಜಾಳಿ ಹಾಕ್ರಿ, ಸಣ್ ಜಾಳಿ ಎರಡ್ ದಿನಕ್ಕ ಕಟ್ಕೊಳ್ತದ. ಮತ್ತ ಆ ಎಣ್ಣಿ ಹಚ್ಚೋ ಕಾಟನ್ ಕೋನ್ ಬಿಟ್ಟು ಕಾಗದದ ಫಿಲ್ಟರ್ ಹಾಕ್ಕೋರಿ, ನಮ್ ಎರಿ ಭೂಮಿ ಧೂಳಿಗೆ ಅದೇ ಚಲೋ ಸೋಸ್ತದ. ಒಂದೂವರಿ ಕುದುರಿ ಸಲುವಾಗಿ ಸಿಲಿಂಡರ್ ಸವಸ್ಕೊಂಡ್ರ ಏನ್ ಬಂತು.

ಆರ್‌ಟಿಓ ಬಗ್ಗೆ ಕೇಳಿದ್ರಿ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಆರ್‌ಸಿದಾಗ ಇದ್ದ ವಿವರ ಕಂಪನಿ ಕೊಟ್ಟಿದ್ದಕ್ಕ ಹೊಂದಿಕಿ ಆಗ್ದಂಗ ಗಾಡಿ ಬದ್ಲಿ ಮಾಡಂಗಿಲ್ಲ. ನಿಮ್ದು 15 ವರ್ಷ ದಾಟಿದ ಗಾಡಿ, ಐದ್ ವರ್ಷಕ್ಕೊಮ್ಮೆ ರಿನೀವಲ್‌ಗೆ ತಪಾಸಣಿ ಇದ್ದೇ ಇರ್ತದ. ನಾಕ್ ಬೋಲ್ಟ್ ಬಿಚ್ಚಿದ್ರ ಎಲ್ಲಾ ಹೊರಗ ಬರೂ ಹಂಗ ಮಾಡಿಡ್ರಿ, ಕೊಯ್ದ ಬಂಪರ್ ಮಾತ್ರ ಮತ್ತ ಹೊಲಿಲಾಕ ಬರಂಗಿಲ್ಲ.

ಕೆಂಪು_ಸ್ಟಾರ್ಮ್

ಎರಡ್ ಐತವಾರ ಹೋತು, ಏನಾತು ಅಂತ ಹೇಳ್ಲತ್ತೀನಿ. ಬಂಪರ್ ಕೊಯ್ದಿಲ್ಲ! ಫಾಗ್ ಲೈಟಿನ ತೂತಿಗೆ ಜರಡಿ ಜಾಳಿ, ಅಲ್ಲಿಂದ 63 ಎಂಎಂ ರಬ್ಬರ್ ಹೋಸ್ ಮ್ಯಾಲ ಏರಿಸಿ ಪತ್ರಾ ಡಬ್ಬಿಗೆ ಬಿಟ್ಟೀನಿ. ಮೊದ್ಲು ಕಾಕಾ ಹೇಳಿದಂಗ ರಟ್ಟಿಂದೇ ಮಾಡಿದ್ದೆ, ನಮ್ ಅವ್ವ ನೋಡಿ ಇದೇನ್ ಕಾರೋ ಕಿರಾಣಿ ಅಂಗಡ್ಯೋ ಅಂದಳು. ರೇಡಿಯೇಟರ್ ಸುತ್ಲೂ ಹಳಿ ಗಾದಿ ಫೋಮ್ ತುಂಬೀನಿ.

ಹೊರಗ 42 ಇದ್ದಾಗ 80ರಾಗ 45. ಸಿಗ್ನಲ್‌ದಾಗ ನಾಕ್ ನಿಮಿಷ ನಿಂತ್ರ 55. ಮಜಾ ಏನಂದ್ರ ಹೋಸ್ ಹಚ್ಚದ ಖಾಲಿ ಡಬ್ಬಿ ಮತ್ತ ಫೋಮ್ ಇದ್ದಾಗೇ 68 ಇದ್ದಿದ್ದು 59ಕ್ಕ ಇಳದಿತ್ತು. ಕಾಕಾಂದೇ ಗೆದ್ದದ.

ಪಿಕಪ್ ಅಂತೀರಾ, ಏರ್‌ಪೋರ್ಟ್ ಕಡಿ ಖಾಲಿ ರೋಡಿನಾಗ ಮೂರನೇ ಗೇರಿಗೆ 40ರಿಂದ 80 ತನಕ ಮೂರ್ ಸಲ ಮೊದ್ಲು ಮೂರ್ ಸಲ ಆಮ್ಯಾಲ ಗೆಳ್ಯಾನ ಕಡಿಂದ ಮೊಬೈಲಿನಾಗ ಟೈಮ್ ಹಿಡಿಸಿದೆ, ಅರ್ಧ ಸೆಕೆಂಡೂ ಫರಕ್ ಇಲ್ಲ, ಬಟನ್ ಒತ್ತೂದ್ರಾಗೇ ಅಷ್ಟ್ ಹೋಗ್ತದ. ಡಬ್ಬಿ ಮುಚ್ಚಿದ್ ಮ್ಯಾಲ ಆ ಗಾಳಿ ಹೀರೂ ಸೌಂಡ್ ಸತ್ ಹೋಗ್ಯಾದ, ಅದಕ್ಕ ಗಾಡಿ ಮೊದಲಿಗಿಂತ ನಿಧಾನ ಆದಂಗೇ ಅನಸ್ತದ ನನಗ, ಥರ್ಮಾಮೀಟರ್ ಇಲ್ದಿದ್ರ ಎಲ್ಲಾ ಕಿತ್ತಿ ಒಗೀತಿದ್ದೆ. ಆದ್ರ ಕಮಲಾಪುರದ ಏರಿನಾಗ ಟಣಟಣ ನಿಂತದ. ಮಧ್ಯಾಹ್ನ ಮೂರಕ್ಕ ಹೋಗಿ ನೋಡೀನಿ, ಎರಡ್ ಸಲ. ವಾಪಸ್ ಬರೂ ಮುಂದ ಕೆಂಪ್ ಬಾಳಿಹಣ್ಣು ಒಂದ್ ಡಜನ್ ತಂದೆ.

ಲೆಕ್ಕದ_ಮಾಸ್ತರ

45 ಅಂದ್ರ 318 ಕೆಲ್ವಿನ್. ಒಂದ್ ಕುದುರಿ ಚಿಲ್ರಿ ಬಂದಿರಬೇಕು, ಮೊಬೈಲ್ ಸ್ಟಾಪ್‌ವಾಚಿಗೆ ಅದು ಕಾಣಂಗಿಲ್ಲ. ಸೆನ್ಸರಿನ ತುದಿ ಪತ್ರಾಕ್ಕ ತಾಗಿಲ್ಲಲ್ಲ? ತಾಗಿದ್ರ ಪತ್ರಾದ ಟೆಂಪರೇಚರ್ ಓದ್ತದ, ಗಾಳೀದಲ್ಲ.

ಕೆಂಪು_ಸ್ಟಾರ್ಮ್

ಇಲ್ಲ ಮಾಸ್ತರ, ಐಸ್‌ಕ್ರೀಮ್ ಕಡ್ಡಿಗೆ ಕಟ್ಟಿ ನಡುವ ನಿಲ್ಲಿಸೀನಿ.

ನೈಟ್_ಹಾಲ್ಟ್

ಹಂಗಾರ ನನ್ ಸ್ಕೂಪಿನದು ಏನ್ ಮಾಡ್ಲೋ ಕಾಕಾ, ನಾಕ್ ಸಾವ್ರ ಕೊಟ್ಟೀನಿ.

ಗ್ಯಾರೇಜ್_ಕಾಕಾ_ಬೀದರ

ಅದ್ರ ಕೆಳಗ ನೇರ ಏನ್ ಅದ ನೋಡಿದೇನು, ಸ್ಪಾರ್ಕ್ ಪ್ಲಗ್ ಇದ್ರ ಮಳಿ ಬರೂಕಿಂತ ಮುಂಚೆ ಒಳಗಿಂದ ಪತ್ರಾ ಹಚ್ಚಿ ಬಂದ್ ಮಾಡು. ಮ್ಯಾಲ ಚೆಂದ ಕಾಣ್ತದಲ್ಲ, ಇರಲಿ ಬಿಡು.