ಸಹಾಯ ಬೇಕು: ಆಹಾರವನ್ನು ಸೂಚಿಸುವ ಇಂಗ್ಲಿಷ್ ಪದಗಳ ಬಳಕೆ

ಇಂಗ್ಲಿಷ್‌ನಲ್ಲಿ ಆಹಾರವನ್ನು ಸೂಚಿಸುವ ಪದಗಳ ಬಳಕೆಯ ಕುರಿತು ಬಲ್ಲವರ ನೆರವನ್ನು ಕೋರುತ್ತಿದ್ದೇನೆ. ‘ಫುಡ್’ ಎಲ್ಲೆಡೆ ಸಲ್ಲುವ ಸಾಮಾನ್ಯ ಪದವೆಂದೂ, ‘ಮೀಲ್’ ಒಂದು ಹೊತ್ತಿನ ಊಟವೆಂದೂ, ‘ಡಿಶ್’ ಒಂದು ಬಗೆಯ ಖಾದ್ಯವೆಂದೂ, ‘ಕ್ವಿಝೀನ್’ ಒಂದು ಪ್ರದೇಶದ ಅಡುಗೆ ಶೈಲಿಯೆಂದೂ ತಿಳಿದಿದ್ದೇನೆ. ‘ಡಯಟ್’ ತೂಕ ಇಳಿಸುವ ಪಥ್ಯವಷ್ಟೇ ಅಲ್ಲ, ಮನುಷ್ಯ ಅಥವಾ ಪ್ರಾಣಿ ದಿನನಿತ್ಯ ಸೇವಿಸುವ ಒಟ್ಟು ಆಹಾರವೂ ಹೌದು.

ನನ್ನ ತೊಡಕಿರುವುದು ಪದಗಳ ಧಾಟಿಯಲ್ಲಿ. ‘ಗ್ರಬ್’ ಸಲಿಗೆಯ ಆಡುಮಾತು. ‘ವಿಟಲ್ಸ್’ (victuals) ಹಳತಾಗಿರುವ ಪದ, ಅದರ ಕಾಗುಣಿತವಂತೂ ಉಚ್ಚಾರಣೆಯ ಸುಳಿವನ್ನೇ ಕೊಡುವುದಿಲ್ಲ. ಹಾಗಿರುವಾಗ, ಔಪಚಾರಿಕ ಪ್ರಬಂಧದಲ್ಲಿ ‘ಫುಡ್’ ಪದೇ ಪದೇ ಬಾರದಿರಲೆಂದು ‘ಫೇರ್’ (fare) ಅಥವಾ ‘ನರಿಶ್‌ಮೆಂಟ್’ (nourishment) ಬಳಸಿದರೆ ವಾಕ್ಯ ಸಹಜವಾಗಿ ಉಳಿಯುತ್ತದೆಯೇ, ಇಲ್ಲವೇ ಕೃತಕವೆನಿಸುತ್ತದೆಯೇ? ಜಾನುವಾರುಗಳ ಮೇವಿಗೂ ಹಸುಗೂಸಿನ ಹಾಲೂಡಿಕೆಗೂ ಹೇಳುವ ‘ಫೀಡ್’ ಅನ್ನು ದೊಡ್ಡವರ ಊಟಕ್ಕೆ ಹೇಳಿದರೆ ಅಗೌರವವಾಗುವುದೇ? ದಯವಿಟ್ಟು ಉದಾಹರಣೆ ವಾಕ್ಯಗಳೊಂದಿಗೆ ತಿಳಿಸಿ.